ಮಕ್ಕಳಿಗೆ ಹಿಡಿಸಿದ ಹುಂಜ

ಕಾರಿಡಾರಿನಲ್ಲಿ ಹುಂಜ ಕೂಗಿತು.

ಶಾಲೆಯ ಆಯಾ ಆಗ ಹುಡುಗರ ಪಾಯಖಾನೆಯಲ್ಲಿ ಮೊಣಕಾಲೂರಿ ಕೂತಿದ್ದಳು. ಯಾರೋ ಹಾಳೆಗಳನ್ನು ಉಂಡೆ ಮಾಡಿ ಗುಂಡಿಗೆ ತುರುಕಿದ್ದರು. ನೀರು ಅಂಚಿನವರೆಗೆ ಬಂದು ನಿಂತಿತ್ತು. ಮೊಣಕೈವರೆಗೆ ಕೈ ಇಳಿಸಿ ಕಂಬಿಯಿಂದ ಕೆದಕುತ್ತಿದ್ದಳು. ಕೂಗು ಕಿವಿಗೆ ಬಿದ್ದದ್ದೇ ತಡ, ಅವಳ ಎರಡೂ ಕೈ ತಾವಾಗಿಯೇ ಮೇಲೆದ್ದು ಮುಷ್ಟಿ ಕಟ್ಟಿದವು. ಕಂಬಿ ಜಾರಿ ಬಿತ್ತು. ಮುಷ್ಟಿಯೊಳಗೆ ಏನೂ ಇರಲಿಲ್ಲ. ಹಗ್ಗ ಇರಬೇಕಿತ್ತು.

ಇನ್ನೊಂದು ಹುಂಜ ಕೂಗಿತು. ಆಮೇಲೆ ಒಂದು ಹಿಂಡೇ ಕೂಗಿತು. ಜೊತೆಗೆ ನಗು.

ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನೋಡಿದಳು. ನೀರಿನ ನಲ್ಲಿಯ ಹತ್ತಿರ ಏಳನೇ ಕ್ಲಾಸಿನ ಹುಡುಗರು, ಹುಡುಗಿಯರು ಎರಡು ಸಾಲಾಗಿ ನಿಂತಿದ್ದರು. ನಡುವೆ ಅವಳ ಮಗಳು ಪುಟ್ಟಿ ನಡೆದು ಬರುತ್ತಿದ್ದಳು. ಪುಟ್ಟಿ ದಾಟಿದ ಹಾಗೆ ಒಬ್ಬೊಬ್ಬರೇ ಕತ್ತು ಚಾಚಿ ಕೂಗುತ್ತಿದ್ದರು. ಒಬ್ಬ ಹುಡುಗ ಮೂಗು ಹಿಡಿದುಕೊಂಡೇ ಕೂಗಿದ. ಅವನಿಗೆ ಹೆಚ್ಚು ನಗು ಸಿಕ್ಕಿತು.

"ಹುಂಜಪ್ಪನ ಮಗಳೇ, ಮುಚ್ಚಳ ತೆಗೀತೀವಿ, ಮೇಲೆ ಬಾ!"

ಅದು ಪುಸ್ತಕದ ಮಾತು. ಕ್ಲಾಸಿನಲ್ಲಿ ಓದಿದ್ದನ್ನು ಕೇಳಿ ಮಕ್ಕಳಿಗೆಲ್ಲ ಬಾಯಿಗೆ ಬಂದಿತ್ತು.

ಆ ಶಾಲೆಯಲ್ಲಿ ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆಂದು ವರ್ಷಕ್ಕೊಂದು ಕಾದಂಬರಿ ಆರಿಸುತ್ತಾರೆ. ಆರಿಸುವ ರೀತಿಯೂ ಅವರದೇ. ಭಾಷೆಯ ಮೇಷ್ಟ್ರು ಇನ್ನೂ ಅಚ್ಚಾಗದ ಒಂದೊಂದು ಕಾದಂಬರಿಯನ್ನೂ ಕ್ಲಾಸಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಬಿಗಿಯಾದ ಜಾಗಕ್ಕೆ ಬಂದಾಗ ಟಪ್ಪನೆ ಪುಸ್ತಕ ಮುಚ್ಚುತ್ತಾರೆ. ಮಕ್ಕಳು ಸುಮ್ಮನೆ ಎದ್ದು ಹೋದರೆ ಆ ಪುಸ್ತಕ ಬಿತ್ತು. "ಆಮೇಲೆ? ಸರ್, ಆಮೇಲೆ?" ಎಂದು ಕಿರುಚಿದರೆ ಗೆದ್ದಿತು. ಆಗ ಕೈ ಎತ್ತಿಸುತ್ತಾರೆ. ಹಿಂದಿನ ವರ್ಷ ಗೆದ್ದದ್ದು ಮಾತಾಡುವ ನಾಯಿಯ ಕಥೆ. ಈ ವರ್ಷ ಗೆಲ್ಲುತ್ತಿರುವುದು ಗಟಾರದೊಳಗಿಂದ ಹುಂಜದ ಹಾಗೆ ಕೂಗುವ ಹುಂಜಪ್ಪನ ಕಥೆ.

ಅದನ್ನು ಕಾದಂಬರಿಕಾರನಿಗೆ ಕೊಟ್ಟವಳು ಆಯಾಳೇ. ತನ್ನ ಬಾಯಾರೆ.

ಅವನು ಅವರ ಮನೆಗೆ ಬಂದಿದ್ದ. ಗಟಾರದ ಕೆಲಸದವರ ಸಾಲುಮನೆಗಳಿಗೆ ಅಂಥವರು ಬರುವುದೇ ಇಲ್ಲ. ಕೂರಲು ಬಕೆಟ್ ಬೋರಲು ಹಾಕಿ ಕೊಟ್ಟಳು. ಕೂತ. ನೀರು ಕೊಟ್ಟಳು. ತನ್ನ ಬಾಟಲಿ ಇದೆ ಎಂದ. "ನಿಮ್ಮ ಯಜಮಾನರ ಬಗ್ಗೆ ಹೇಳಿ ಅಮ್ಮ" ಎಂದ. ಹೊರಗಿನವರು ಯಾರೂ ಅವಳನ್ನು ಅಮ್ಮ ಎಂದು ಕರೆದಿರಲಿಲ್ಲ. ಅವಳು ಹೇಳಿದಳು. ನಗುನಗುತ್ತಾ ಹೇಳಿದಳು.

ಅದೇ ತಪ್ಪಾಯಿತು. ಆ ಸಾಲಿನಲ್ಲಿ ಸತ್ತವರ ಮಾತನ್ನು ನಗುತ್ತಲೇ ಆಡಬೇಕು. ಅಳುತ್ತಾ ಹೇಳಿದರೆ ಬೆಳಿಗ್ಗೆ ಗುಂಡಿಗೆ ಇಳಿಯುವವರ ಕಾಲು ನಡುಗುತ್ತದೆ. ಕಾಲು ನಡುಗಿದವನು ಜಾರುತ್ತಾನೆ. ಅದಕ್ಕೆ ಎಲ್ಲ ಸಾವಿಗೂ ಅಲ್ಲಿ ಒಂದು ತಮಾಷೆ ಇದೆ. ಕೇಳುವವರಿಗೆ ಒಳಗಿನದು ಗೊತ್ತಿರುತ್ತದೆ. ನಗುತ್ತಾರೆ, ನಕ್ಕು ಸುಮ್ಮನಾಗುತ್ತಾರೆ. ಕಾದಂಬರಿಕಾರನೂ ನಕ್ಕ. ಸುಮ್ಮನಾಗಲಿಲ್ಲ. ಬರೆದುಕೊಂಡ.

ಗುಂಡಿಗೆ ಇಳಿದವನು ಬಾಯಿ ಮುಚ್ಚಬಾರದು. ಕೆಳಗೆ ಗಾಳಿ ಕೆಟ್ಟಿರುತ್ತದೆ. ದನಿ ಬರುತ್ತಿದ್ದರೆ ಉಸಿರು ಇದೆ ಎಂದು ಅರ್ಥ. ದನಿ ನಿಂತರೆ ಮೇಲಿರುವವರು ಹಗ್ಗ ಎಳೆಯಬೇಕು. ಕೆಲವರು ಹಾಡುತ್ತಾರೆ. ಕೆಲವರು ಮೇಸ್ತ್ರಿಯ ವಂಶವನ್ನೆಲ್ಲ ಬೈಯುತ್ತಾರೆ. ಅವಳ ಗಂಡ ಹುಂಜದ ಹಾಗೆ ಕೂಗುತ್ತಿದ್ದ. ಗುಂಡಿಯ ಬಾಯಿಂದ ಅದು ಹೊರಗೆ ಬಂದಾಗ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಸಾಲಿನವರು ಅವನನ್ನು ಹುಂಜ ಎಂದೇ ಕರೆದರು. ಹಗ್ಗ ಹಿಡಿಯುತ್ತಿದ್ದವಳು ಇವಳು. ಮದುವೆಯಾದಾಗಿನಿಂದ ಇನ್ನೊಬ್ಬರ ಕೈಗೆ ಕೊಟ್ಟಿರಲಿಲ್ಲ.

"ಆಮೇಲೆ ಏನಾಯ್ತು?" ಎಂದು ಕಾದಂಬರಿಕಾರ ಕೇಳಿದ್ದ.

"ಆಮೇಲೇನಿಲ್ಲ ಸರ್. ಗಾಳಿ ಕೆಟ್ಟಿತ್ತು. ಹೋದ್ರು."

"ಎಲ್ಲಿ?"

"ಯಾವುದೋ ಬೀದೀಲಿ ಸರ್."

ಅದೊಂದನ್ನು ಸುಳ್ಳು ಹೇಳಿದಳು. ಅದೊಂದನ್ನು ಸುಳ್ಳು ಹೇಳಲೆಂದೇ ಅವಳಿಗೆ ಕೆಲಸ ಕೊಟ್ಟಿದ್ದರು.

ಗುಂಡಿ ಈ ಶಾಲೆಯದೇ. ಪರೀಕ್ಷಾ ಹಾಲಿನ ಹಿಂದಿನದು. ಪರೀಕ್ಷೆಯ ದಿನವೇ ಕಟ್ಟಿಕೊಂಡಿತ್ತು. ವಾಸನೆಗೆ ಮಕ್ಕಳು ಬರೆಯಲಾರರು, ಈಗಲೇ ತೆಗೆಯಬೇಕು ಎಂದರು. ಅವನು ಇಳಿದ. ಕೂಗಿದ. ಕಿಟಕಿ ತೆರೆಯಿತು. ಹೆಡ್ ಮಿಸ್ಟ್ರೆಸ್, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ತಲೆ ಹೊರಹಾಕಿದರು.

"ಯಾರದು ಕಿರುಚೋದು? ಒಳಗೆ ಮಕ್ಕಳು ಪರೀಕ್ಷೆ ಬರೀತಿದ್ದಾರೆ. ಗೊತ್ತಾಗಲ್ವಾ? ಬಾಯಿ ಮುಚ್ಚಿಸು ಅವನದು."

"ಮೇಡಂ, ಕೂಗದಿದ್ರೆ ನನಗೆ..."

"ಮುಚ್ಚಿಸು ಅಂದೆ."

ಅವಳು ಗುಂಡಿಗೆ ಬಗ್ಗಿದಳು. ತನ್ನ ಬಾಯಿಂದಲೇ ಹೇಳಿದಳು: "ರೀ, ಕೂಗ್ಬೇಡಿ. ಒಳಗೆ ಪರೀಕ್ಷೆ ಅಂತೆ."

ಕೆಳಗೆ ಅವನು ನಕ್ಕ. "ಆಗ್ಲಿ ಬಿಡು. ನಾನೂ ಬರೀತೀನಿ ಪರೀಕ್ಷೆ" ಎಂದ.

ಅದೇ ಕೊನೆ. ಹಗ್ಗ ಬಿಗಿಯಾಗೇ ಇತ್ತು. ಕೆಲಸ ಮಾಡುತ್ತಿದ್ದಾನೆ ಎಂದುಕೊಂಡಳು. ಒಳಗೆ ಮಕ್ಕಳು ಹಾಳೆ ತಿರುಗಿಸುವ ಸದ್ದು ಅವಳಿಗೆ ಕೇಳುತ್ತಿತ್ತು. ಗಂಟೆ ಹೊಡೆಯಿತು. ಮಕ್ಕಳು ಹೋ ಎಂದು ಹೊರಬಂದರು. "ರೀ, ಪರೀಕ್ಷೆ ಮುಗೀತು, ಇನ್ನು ಕೂಗಿ" ಎಂದಳು. ಹಗ್ಗ ಎಳೆದಾಗ ಭಾರವೆಲ್ಲ ಒಮ್ಮೆಗೇ ಬಂತು.

ದೊಡ್ಡ ಮೇಡಂ ಮನೆಯವರೆಗೂ ಬಂದಿದ್ದರು. ಹೊಸ್ತಿಲಾಚೆಯೇ ನಿಂತು ಮಾತಾಡಿದ್ದರು. ನಿನಗೆ ಶಾಲೆಯಲ್ಲಿ ಆಯಾ ಕೆಲಸ. ಮಗಳಿಗೆ ನಮ್ಮಲ್ಲೇ ಸೀಟು, ಪುಕ್ಕಟೆ. ಶಾಲೆಯ ಹೆಸರು ಎಲ್ಲೂ ಬರಬಾರದು. ಗುಂಡಿಗೆ ಸಿಮೆಂಟು ಸುರಿದು ಮುಚ್ಚಿದರು. ಮೇಲೆ ಸೈಕಲ್ ನಿಲ್ಲಿಸುವ ಜಾಗ ಮಾಡಿದರು.

ಹುಂಜಗಳು ಕೂಗಿದ ಆ ಮಧ್ಯಾಹ್ನವೇ ಆಯಾ ಸ್ಟಾಫ್ ರೂಮಿನ ನೆಲ ಒರೆಸಲು ಹೋದಳು. ಆಯ್ಕೆ ಸಮಿತಿ ಕೂತಿತ್ತು. ದೊಡ್ಡ ಮೇಡಂ, ಮೇಷ್ಟ್ರು, ಕಾದಂಬರಿಕಾರ. ಬಟ್ಟೆ ಮೇಜಿನ ಕೆಳಗೆ ಹೋದಾಗ ಮೂವರೂ ಮಾತು ನಿಲ್ಲಿಸದೆ ಕಾಲೆತ್ತಿದರು. ಬಟ್ಟೆ ಈಚೆ ಬಂದಾಗ ಇಳಿಸಿದರು.

"ಈ ವಯಸ್ಸು ಕಷ್ಟದ್ದು" ಎನ್ನುತ್ತಿದ್ದರು ಮೇಷ್ಟ್ರು. "ಅರ್ಧ ಮಗು, ಅರ್ಧ ದೊಡ್ಡೋರು. ನೀತಿ ಹೇಳಿದ್ರೆ ಪುಸ್ತಕ ಮುಚ್ಚಿ ಎಸೀತಾರೆ. ರಾಜಕುಮಾರಿ ಕಥೆ ಕೊಟ್ರೆ ನಾವೇನು ಚಿಕ್ಕ ಮಕ್ಕಳಾ ಅಂತಾರೆ. ಓಟ ಬೇಕು, ನಗು ಬೇಕು. ಎಲ್ಲಕ್ಕಿಂತ ಹೇಸಿಗೆ ಬೇಕು ನೋಡಿ. ಈ ವಯಸ್ಸಿಗೆ ಹೇಸಿಗೆ ಅಂದ್ರೆ ಪಂಚಪ್ರಾಣ."

"ಅದು ನಮ್ಮಲ್ಲಿ ಧಾರಾಳ ಇದೆ" ಎಂದ ಕಾದಂಬರಿಕಾರ. ಮೂವರೂ ನಕ್ಕರು.

"ಕೊನೆ ಏನು ಮಾಡಿದ್ರಿ?" ಎಂದು ದೊಡ್ಡ ಮೇಡಂ ಕೇಳಿದರು.

"ಎರಡು ಥರ ಬರೆದಿದ್ದೆ ಮೇಡಂ. ಮೇಷ್ಟ್ರು ಎರಡನ್ನೂ ಓದಿ ನೋಡಿದ್ದಾರೆ."

"ಅಪ್ಪ ಸಾಯೋ ಕೊನೆಯನ್ನ ಆರನೇ ಕ್ಲಾಸಿಗೆ ಓದಿದೆ" ಎಂದರು ಮೇಷ್ಟ್ರು. "ಪಿಟಿಕ್ ಅನ್ನಲಿಲ್ಲ. ಒಬ್ಬ ನೀರು ಕುಡಿದು ಬರ್ತೀನಿ ಸರ್ ಅಂತ ಎದ್ದ. ಇನ್ನೊಬ್ಬಳು ಕಿಟಕಿ ನೋಡ್ತಾ ಕೂತಳು. ಬದುಕಿ ಬರೋ ಕೊನೆಯನ್ನ ಏಳನೇ ಕ್ಲಾಸಿಗೆ ಓದಿದೆ. ಮುಚ್ಚಳ ತೆಗೀತಾರೆ, ತಲೆಯಿಂದ ಕಾಲಿನವರೆಗೆ ಮೆತ್ತಿಕೊಂಡು ಹುಂಜಪ್ಪ ಎದ್ದು ನಿಂತು ಕೊಕ್ಕೊಕ್ಕೋ ಅಂತಾನೆ! ಡೆಸ್ಕ್ ಮುರಿಯೋ ಹಾಗೆ ಬಡಿದ್ರು. ಪಕ್ಕದ ಕ್ಲಾಸಿನ ಟೀಚರ್ ಓಡಿ ಬಂದ್ರು."

"ಹಾಗಾದ್ರೆ ಸಾಯಿಸೋದು ಬೇಡ" ಎಂದರು ದೊಡ್ಡ ಮೇಡಂ. ಅವರ ಮುಖ ಹಗುರಾಯಿತು. "ಮಕ್ಕಳಿಗೆ ಸಾವು ಯಾಕೆ ಬೇಕು? ಬದುಕಲಿ." ಆಮೇಲೆ ಕೆಳಗೆ ನೋಡಿದರು. "ಏನು ಆಯಾ, ನಿನಗೂ ಸಂತೋಷ ತಾನೇ? ನಿನ್ನ ಗಂಡ ಬದುಕಿಬಿಟ್ಟ."

ಆಯಾ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದಳು. ಕಪ್ಪು ನೀರು ಇಳಿಯಿತು.

"ಮೇಡಂ, ಒಂದು ಮಾತು."

"ಹೇಳು."

"ಪುಟ್ಟಿಗೆ ಕಷ್ಟ ಆಗ್ತಿದೆ ಮೇಡಂ. ಎಲ್ಲ ಮಕ್ಕಳೂ ಕೂಗ್ತಾರೆ. ಮೂಗು ಹಿಡ್ಕೊಂಡು ಕೂಗ್ತಾರೆ. ಬೇರೆ ಪುಸ್ತಕ ಆರಿಸಿದ್ರೆ ಆಗ್ತಿತ್ತು."

ಮೇಷ್ಟ್ರು ಕಿಟಕಿ ನೋಡಿದರು. ಕಾದಂಬರಿಕಾರ ಮುಂದಕ್ಕೆ ಬಗ್ಗಿದ. ಅವನ ದನಿ ಮೆತ್ತಗಿತ್ತು.

"ಅಮ್ಮ, ಅವರು ಕೂಗೋದು ಪ್ರೀತಿಯಿಂದ. ಪುಸ್ತಕ ಹಿಡಿಸಿದೆ ಅನ್ನೋದಕ್ಕೆ ಅದಕ್ಕಿಂತ ಗುರುತು ಬೇಕಾ? ನಿಮ್ಮ ಯಜಮಾನರ ಕೂಗು ಈಗ ನೂರಾರು ಮಕ್ಕಳ ಬಾಯಲ್ಲಿದೆ."

"ಮೂಗು ಯಾಕೆ ಹಿಡ್ಕೋಬೇಕು ಸರ್?"

ದೊಡ್ಡ ಮೇಡಂ ಹೇಳಿದರು: "ಮಕ್ಕಳು ಮಕ್ಕಳೇ ಆಯಾ. ಆಯ್ಕೆ ಅವರದ್ದು. ಕೈ ಎತ್ತಿ ಆರಿಸ್ತಾರೆ. ನಿನ್ನ ಮಗಳೂ ಎತ್ತಿದ್ದಾಳೆ, ಬೇಕಿದ್ರೆ ಕೇಳು." ಎದ್ದು ನಿಂತು ಸೇರಿಸಿದರು: "ಆಯ್ಕೆಯ ದಿನ ಒಳ್ಳೆ ಬಟ್ಟೆ ಹಾಕ್ಕೊಂಡು ಬಾ. ವೇದಿಕೆ ಮೇಲೆ ನಿನ್ನ ಕೂರಿಸ್ತೀವಿ. ಸರ್ ಹೇಳ್ತಿದ್ರು, ನೀನು ಗಂಡನ ಹಾಗೇ ಕೂಗ್ತೀಯಂತೆ. ಮಕ್ಕಳ ಮುಂದೆ ಒಂದು ಸಲ ಕೂಗಿಬಿಡು. ನಿನ್ನ ಕೆಲಸ, ಮಗಳ ಸೀಟು, ಎಲ್ಲ ನೆನಪಿದೆ ತಾನೇ?"

ಕೊನೆಯ ಮಾತನ್ನು ಅವರು ನಗುತ್ತಲೇ ಹೇಳಿದರು.

ಮನೆಯಲ್ಲಿ ಪುಟ್ಟಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಯೂನಿಫಾರ್ಮ್ ಬದಲಿಸಿರಲಿಲ್ಲ. ಅತ್ತೆ ಬಾಗಿಲಲ್ಲಿ ಕೂತು ಹರಿದ ಗಂಬೂಟಿಗೆ ತೇಪೆ ಹಾಕುತ್ತಿದ್ದಳು. ಮಗ ಹೋದ ಮೇಲೆ ಮುದುಕಿ ಸಾಲಿನವರ ಗಂಬೂಟುಗಳನ್ನೆಲ್ಲ ಹೊಲಿದು ಕೊಡುತ್ತಿದ್ದಳು. ಬೂಟು ಸೋರದಿದ್ದರೆ ಅಷ್ಟರಮಟ್ಟಿಗೆ ಕಾಲು ಬದುಕುತ್ತದೆ ಎನ್ನುತ್ತಿದ್ದಳು.

"ಬಂದ್ಯಾ? ನೋಡು ನಿನ್ನ ಮಗಳನ್ನ. ಬಂದಾಗಿಂದ ಹಾಗೇ ಬಿದ್ದಿದ್ದಾಳೆ. ಮೊಟ್ಟೆಗೆ ಕಾವು ಕೂತಿದ್ದಾಳೇನೋ."

"ಅಜ್ಜಿ!" ಎಂದು ಪುಟ್ಟಿ ಚೀರಿದಳು.

"ಅಯ್ಯೋ, ನಾನೂ ಅದನ್ನೇ ಅಂದ್ನಾ? ಸುಡ್ಲಿ ನನ್ನ ಬಾಯಿ. ಏನು ಮಾಡ್ಲಿ, ನಮಗೆ ತಮಾಷೆ ಬಿಟ್ಟು ಬೇರೆ ಭಾಷೆ ಬರಲ್ವಲ್ಲ." ಮುದುಕಿ ಸೂಜಿಯನ್ನು ಸೊಸೆಯ ಕಡೆ ತಿರುಗಿಸಿದಳು. "ನಿನಗೆ ಹೇಳಿದ್ದೆ. ಬೂಟು ಪಾಲಿಷ್ ಮಾಡ್ಕೊಂಡು ಬಂದೋನ ಮುಂದೆ ಹಲ್ಲು ಬಿಡಬೇಡ ಅಂತ. ಅಮ್ಮಾ ಅಂದ ತಕ್ಷಣ ಹೊಟ್ಟೇಲಿದ್ದದ್ದೆಲ್ಲ ಸುರಿದುಬಿಟ್ಟೆ. ಅವನು ಚೀಲಕ್ಕೆ ತುಂಬ್ಕೊಂಡು ಹೋದ."

ಆಯಾ ಮಗಳ ತಲೆಯ ಹತ್ತಿರ ಕೂತಳು. ಕೈ ತೊಳೆದಿದ್ದಳು. ಮತ್ತೆ ಮೂಸಿ ನೋಡಿಕೊಂಡು, ಆಮೇಲೆ ಕೂದಲು ಮುಟ್ಟಿದಳು.

"ನೀನೂ ಕೈ ಎತ್ತಿದೆಯಂತೆ?"

ಪುಟ್ಟಿ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು.

"ಎಲ್ಲರೂ ತಿರುಗಿ ನನ್ನೇ ನೋಡಿದ್ರು. ಎತ್ತದಿದ್ರೆ ಇನ್ನೂ ಕೂಗ್ತಿದ್ರು."

"ಎತ್ತಿದ ಮೇಲೂ ಕೂಗಿದ್ರಲ್ಲ ಮಗಾ."

"ಅಷ್ಟೇ ಅಲ್ಲಮ್ಮ." ಪುಟ್ಟಿ ಎದ್ದು ಕೂತಳು. ಕಣ್ಣು ಊದಿಕೊಂಡಿತ್ತು. "ಪುಸ್ತಕ ಚೆನ್ನಾಗಿದೆ. ಅಪ್ಪ ಮೇಲೆ ಬರ್ತಾರಲ್ಲ, ಅಲ್ಲಿ ನಾನೂ ಡೆಸ್ಕ್ ಬಡಿದೆ. ನನಗೆ ಗೊತ್ತೇ ಆಗ್ಲಿಲ್ಲ. ಅಪ್ಪ ಬಂದ್ರು ಅನ್ನಿಸ್ತು. ಆಮೇಲೆ ಪಕ್ಕದವಳು ನನ್ನ ನೋಡಿ ನಕ್ಕಳು."

ಮುದುಕಿಯ ಸೂಜಿ ನಿಂತಿತು.

"ನಿನ್ನನ್ನ ವೇದಿಕೆ ಮೇಲೆ ಕೂಗಿಸ್ತಾರಂತೆ, ಹೌದಾ?" ಎಂದು ಪುಟ್ಟಿ ಕೇಳಿದಳು.

"ಹೂಂ."

"ನೀನು ಕೂಗಿದ್ರೆ ನಾನು ಆ ಶಾಲೆಗೆ ಕಾಲಿಡಲ್ಲ."

"ಕಾಲಿಡದೆ ಏನು ಮಾಡ್ತೀಯೇ?" ಎಂದಳು ಮುದುಕಿ. "ಕಂಬಿ ಹಿಡೀತೀಯಾ? ಇಲ್ಲಿ ಹುಟ್ಟಿದವರಿಗೆ ಎರಡೇ ದಾರಿ, ಗುಂಡಿ ಇಲ್ಲಾ ಕಕ್ಕಸು. ನಿನಗೊಬ್ಬಳಿಗೆ ಮೂರನೇದು ಸಿಕ್ಕಿದೆ. ಅದೂ ಹೇಗೆ ಸಿಕ್ತು ಅಂತ ನಿಮ್ಮಮ್ಮನ್ನ ಕೇಳು."

"ಅತ್ತೆ, ಸಾಕು."

"ಸಾಕು ಅಂದ್ರೆ ಸಾಕಾ? ಹೇಳು ಅವಳಿಗೆ. ನನ್ನ ಮಗ ಸತ್ತ ಗುಂಡಿ ಮೇಲೆ ಸೈಕಲ್ ನಿಲ್ಲಿಸ್ತಾರೆ ಅಂತ ಹೇಳು."

ಪುಟ್ಟಿ ತಾಯಿಯ ಮುಖ ನೋಡಿದಳು. ತಾಯಿ ಹೇಳಿದಳು. ಕಿಟಕಿ, ಪರೀಕ್ಷೆ, ಗುಂಡಿಯ ಬಾಯಿಗೆ ತಾನೇ ಬಗ್ಗಿದ್ದು, ಅವನ ಕೊನೆಯ ಮಾತು. ಈ ಸಲ ನಗಲಿಲ್ಲ. ಮೊದಲ ಸಲ ನಗದೆ ಹೇಳಿದಳು. ಕೇಳುತ್ತಾ ಕೇಳುತ್ತಾ ಪುಟ್ಟಿ ಯೂನಿಫಾರ್ಮಿನ ಗುಂಡಿಯನ್ನು ತಿರುವಿ ತಿರುವಿ ಕಿತ್ತುಹಾಕಿದಳು. ನಾನು ದಿನಾ ಅಲ್ಲೇ ಆಡ್ತೀನಲ್ಲ ಎಂದಳು.

ಆಯ್ಕೆಯ ದಿನ ಬಂತು. ಪರೀಕ್ಷಾ ಹಾಲಿನಲ್ಲೇ ಸಭೆ. ಅದೇ ಕಿಟಕಿಗಳು. ಆಯಾ ಬೆಳಿಗ್ಗೆ ಎಂದಿನಂತೆ ಬಂದು ಪಾಯಖಾನೆಗಳನ್ನು ತೊಳೆದು, ಹಾಲಿನ ಕುರ್ಚಿಗಳನ್ನು ಜೋಡಿಸಿ, ವೇದಿಕೆ ಒರೆಸಿ, ಆಮೇಲೆ ಪೊರಕೆ ಇಡುವ ಕೊಠಡಿಯ ಮೂಲೆಯಲ್ಲಿ ಬಟ್ಟೆ ಬದಲಿಸಿದಳು. ತಾನೇ ಒರೆಸಿದ ವೇದಿಕೆ ಹತ್ತಿದಳು. ಅವಳಿಗೆ ಹಾಕಿದ ಕುರ್ಚಿ ಸಾಲಿನ ತುದಿಯಲ್ಲಿತ್ತು, ಉಳಿದವುಗಳಿಂದ ಒಂದು ಮಾರು ದೂರ. ಕೂತಳು.

ಕೆಳಗೆ ಮೂರು ಕ್ಲಾಸಿನ ಮಕ್ಕಳು. ಪುಟ್ಟಿ ಮಧ್ಯದ ಸಾಲಿನಲ್ಲಿದ್ದಳು. ಅವಳ ಎರಡೂ ಪಕ್ಕದ ಕುರ್ಚಿ ಖಾಲಿ.

ಮೇಷ್ಟ್ರು ಓದಿದರು. ಚೆನ್ನಾಗಿ ಓದಿದರು. ಬಿಗಿಯಾದ ಜಾಗಕ್ಕೆ ಬಂದು ಪುಸ್ತಕ ಮುಚ್ಚಿದರು. "ಆಮೇಲೆ? ಆಮೇಲೆ?" ಎಂದು ಹಾಲು ಕಿರುಚಿತು. ಕೈಗಳು ಎದ್ದವು. ದೊಡ್ಡ ಮೇಡಂ ಸಭೆಯನ್ನು ಒಮ್ಮೆ ಸುತ್ತ ನೋಡಿ, ಆಯ್ಕೆ ಆಯಿತು ಎಂದರು. ಪುಟ್ಟಿಯ ಕೈ ಈ ಸಲ ತೊಡೆಯ ಕೆಳಗಿತ್ತು.

ಕಾದಂಬರಿಕಾರ ಮೈಕ್ ಹಿಡಿದ. "ಮಕ್ಕಳೇ, ಈಗ ಒಂದು ಗುಟ್ಟು. ಹುಂಜಪ್ಪ ಬರೀ ಕಥೆ ಅಲ್ಲ. ಇಲ್ಲಿ ಕೂತಿದ್ದಾರಲ್ಲ, ಇವರೇ ನಿಜವಾದ ಹುಂಜಪ್ಪನ ಹೆಂಡತಿ! ನಿಮ್ಮ ಶಾಲೆಯಲ್ಲೇ ಇದ್ದಾರೆ. ನಿಮಗಾಗಿ ಒಂದು ಸಲ ಕೂಗ್ತಾರೆ."

ಮಕ್ಕಳು ಹುಚ್ಚೆದ್ದರು. "ಆಂಟಿ ಕೂಗಿ! ಆಂಟಿ ಕೂಗಿ!" ಹಿಂದಿನ ಸಾಲಿನಿಂದ ಹುಂಜಗಳು ಶುರುವಾದವು.

ಮೈಕ್ ಅವಳ ಬಾಯಿಗೆ ಬಂತು. ಅವಳು ಹಿಡಿಯಲಿಲ್ಲ. ಅವನೇ ಹಿಡಿದುಕೊಂಡಿದ್ದ.

"ನಾನು ಕೂಗಲ್ಲ" ಎಂದಳು.

"ನಾಚಿಕೆ ಬೇಡ ಅಮ್ಮ."

"ನಾಚಿಕೆ ಅಲ್ಲ. ಅವರೂ ಅವತ್ತು ಕೂಗಲಿಲ್ಲ."

ಹುಂಜಗಳ ಕೂಗು ಒಂದೊಂದಾಗಿ ನಿಂತಿತು.

"ಕೆಳಗೆ ಇಳಿದವರು ಕೂಗ್ತಾ ಇರಬೇಕು. ಕೂಗು ಅಂದ್ರೆ ಉಸಿರು. ಅದು ತಮಾಷೆಗೆ ಅಲ್ಲ. ಅವತ್ತು ಅವರನ್ನ ಕೂಗಬೇಡ ಅಂದ್ರು. ಮಕ್ಕಳು ಪರೀಕ್ಷೆ ಬರೀತಿದ್ದಾರೆ ಅಂದ್ರು. ಈ ಹಾಲಲ್ಲೇ ಬರೀತಿದ್ರು. ಆ ಕಿಟಕಿಯಿಂದ ಹೇಳಿದ್ರು. ಗುಂಡಿ ಆ ಗೋಡೆ ಹಿಂದೆ..."

ದೊಡ್ಡ ಮೇಡಂ ಕೈ ಆಡಿಸಿದರು. ಮೈಕ್ ಸತ್ತಿತು. ಅವಳು ನಿಲ್ಲಿಸಲಿಲ್ಲ. ವರ್ಷಗಟ್ಟಲೆ ಗುಂಡಿಯ ತಳಕ್ಕೆ ಕೇಳಿಸುವ ಹಾಗೆ ಮಾತಾಡಿದವಳು ಅವಳು. ಹಾಲಿನ ಕೊನೆಯ ಸಾಲು ಎಷ್ಟು ದೂರ?

"ನೀವು ಸೈಕಲ್ ನಿಲ್ಲಿಸ್ತೀರಲ್ಲ, ಅದರ ಕೆಳಗೆ. ಬಾಯಿ ಮುಚ್ಚಿಸು ಅಂದ್ರು. ನಾನು ಬಗ್ಗಿ ಕೂಗಬೇಡಿ ಅಂದೆ. ಅವರು ಮೇಲೆ ಬರಲಿಲ್ಲ. ಮುಚ್ಚಳ ತೆಗೆದು ಕೊಕ್ಕೊಕ್ಕೋ ಅನ್ನಲಿಲ್ಲ. ಬಂದದ್ದು ಹೆಣ. ನಾನು ಎಳೆದದ್ದು."

ಮುಂದಿನ ಸಾಲಿನಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅಳಲು ಶುರುಮಾಡಿದಳು. ಅವಳ ಹಿಂದೆ ಇನ್ನೊಬ್ಬಳು. ಮೂಗು ಹಿಡಿದು ಕೂಗಿದ್ದ ಹುಡುಗ ಬಾಯಿ ತೆರೆದು ಕೂತಿದ್ದ.

"ನೀವು ಅವರಿಗೆ ಏನಂದ್ರಿ? ಅವರು ಏನಂದ್ರು?" ಕೇಳಿದವನು ಕಾದಂಬರಿಕಾರ. ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ಕೈಯಲ್ಲಿ ಪೆನ್ನಿತ್ತು. ಮಕ್ಕಳ ಕಡೆ ಒಮ್ಮೆ ತಿರುಗಿ ನೋಡಿ ಮೇಷ್ಟ್ರಿಗೆ ಮೆಲ್ಲಗೆ ಹೇಳಿದ: "ನೋಡಿ, ಅಳ್ತಿದ್ದಾರೆ. ಒಬ್ಬನೂ ನೀರು ಕುಡಿಯೋಕೆ ಏಳಲಿಲ್ಲ. ಇದೇ ಕೊನೆ ಸ್ವಾಮಿ, ಇದೇ! ಮೊದಲೇ ಸಿಕ್ಕಿದ್ರೆ!" ಮತ್ತೆ ಅವಳ ಕಡೆ ಬಗ್ಗಿದ. "ಹೇಳಿ ಅಮ್ಮ. ಕೂಗಬೇಡಿ ಅಂದ್ರಿ. ಆಮೇಲೆ?"

"ಆಮೇಲೆ?" ಎಂದ ಕೆಳಗಿನಿಂದ ಒಬ್ಬ ಹುಡುಗ. "ಆಂಟಿ, ಆಮೇಲೆ?"

"ಆಮೇಲೆ?" ಇನ್ನೊಬ್ಬ. ಇನ್ನೊಬ್ಬಳು. ಇಡೀ ಹಾಲು.

ಅದೇ ಕಿರುಚು. ಮಾತಾಡುವ ನಾಯಿಗೆ ಕಿರುಚಿದ್ದು. ಹುಂಜಪ್ಪನಿಗೆ ಕಿರುಚಿದ್ದು. ಅವಳ ನಾಲಿಗೆಯ ಮೇಲೆ ಗಂಡನ ಕೊನೆಯ ಮಾತು ಬಂದು ಕೂತಿತ್ತು. ಹೇಳಿದರೆ ಹಾಲು ಮುರಿದು ಬೀಳುತ್ತಿತ್ತು. ಅವಳು ನುಂಗಿದಳು.

"ಕೊಡಲ್ಲ" ಎಂದಳು.

"ಏನಮ್ಮ?"

"ನಿಮಗೆಲ್ಲ ಹಿಡಿಸ್ತು ಅಂತ ಗೊತ್ತಾಯ್ತು. ಅದಕ್ಕೇ ಕೊಡಲ್ಲ. ಮಿಕ್ಕಿದ್ದು ನಮ್ಮನೇದು."

ಅವಳು ವೇದಿಕೆ ಇಳಿದಳು. ಚಪ್ಪಾಳೆ ತಟ್ಟಿ ಮಕ್ಕಳೇ ಎಂದು ದೊಡ್ಡ ಮೇಡಂ ಹೇಳಿದರು. ಮಕ್ಕಳು ತಟ್ಟಿದರು.

ಬಾಗಿಲ ಹೊರಗೆ ದೊಡ್ಡ ಮೇಡಂ ಅವಳನ್ನು ಹಿಡಿದರು.

"ನಾಳೆಯಿಂದ ಬರಬೇಡ."

"ಬರಲ್ಲ. ಮಗಳು ಬರ್ತಾಳೆ."

"ಅವಳನ್ನ ಇಟ್ಕೋತೀವಿ ಅಂದ್ಕೊಂಡ್ಯಾ?"

"ತೆಗೆದು ಹಾಕಿ ಮೇಡಂ. ಯಾಕೆ ತೆಗೆದ್ರಿ ಅಂತ ಕೇಳೋಕೆ ಈಗ ಒಳಗೆ ಒಂದು ಹಾಲು ತುಂಬ ಬಾಯಿ ಇದೆ. ಮನೆಗೆ ಹೋಗಿ ಅಪ್ಪ ಅಮ್ಮಂದಿರಿಗೂ ಹೇಳ್ತವೆ."

ದೊಡ್ಡ ಮೇಡಂ ಹಾಲಿನ ಬಾಗಿಲನ್ನು ಎಳೆದು ಮುಚ್ಚಿದರು. ಪುಟ್ಟಿಯ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಲಿಲ್ಲ. ಹೆಸರು ತೆಗೆಯದೆ ಮಗುವನ್ನು ಓಡಿಸುವ ದಾರಿಗಳು ಶಾಲೆಗೆ ಗೊತ್ತಿರುತ್ತವೆ.

ಪುಸ್ತಕ ಅಚ್ಚಾಗಿ ಬಂತು. ಹುಂಜಪ್ಪ ಬದುಕಿಯೇ ಇದ್ದ. ಮೊದಲ ಪುಟದಲ್ಲಿ ಕಾದಂಬರಿಕಾರ, ಹೆಸರು ಹೇಳಲಿಚ್ಛಿಸದ ತಾಯಿಯೊಬ್ಬಳಿಗೆ ಎಂದು ಅರ್ಪಣೆ ಹಾಕಿದ್ದ. ಅವಳ ಹೆಸರನ್ನು ಅವನು ಕೇಳಿಯೇ ಇರಲಿಲ್ಲ. ಶಾಲೆಯ ಗುಂಡಿಯ ವಿಷಯ ಊರಲ್ಲಿ ಕೆಲವು ದಿನ ಓಡಾಡಿತು. ಆಯಾಗೆ ತಲೆ ಸರಿಯಿಲ್ಲ ಎಂಬ ಮಾತು ಅದಕ್ಕಿಂತ ಜೋರಾಗಿ ಓಡಾಡಿತು. ಅವಳು ಊರಾಚೆ ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಆರಿಸುವ ಕೆಲಸಕ್ಕೆ ಸೇರಿದಳು. ಗಾಜು ಚುಚ್ಚಿ ಬೆರಳು ಕೀವು ಕಟ್ಟಿತು.

ಕ್ಲಾಸಿನಲ್ಲಿ ಒಬ್ಬೊಬ್ಬರು ಎದ್ದು ಒಂದೊಂದು ಪುಟ ಓದಬೇಕು. ಪುಟ್ಟಿಯ ಪಾಲಿಗೆ ಮುಚ್ಚಳ ತೆಗೆಯುವ ಪುಟ ಬಂತು. ತಾನಾಗಿ ಬಂತೋ, ಬರಿಸಿದರೋ.

"ಓದು."

"ಓದಲ್ಲ ಸರ್."

"ಬೆಂಚಿನ ಮೇಲೆ ನಿಲ್ಲು."

ನಿಂತಳು. ಮರುದಿನ ಮೇಷ್ಟ್ರು ಮತ್ತೆ ಓದು ಎಂದರು. ಓದಲ್ಲ ಎಂದಳು. ಮತ್ತೆ ನಿಂತಳು. ಆಮೇಲೆ ಲೆಕ್ಕದ ಪೀರಿಯಡ್ಡಿನಲ್ಲೂ ನಿಲ್ಲಿಸಿದರು. ಆಮೇಲೆ ಎಲ್ಲದರಲ್ಲೂ. ಅವಳು ನಿಂತೇ ಲೆಕ್ಕ ಮಾಡಿದಳು, ನಿಂತೇ ಭೂಪಟ ನೋಡಿದಳು. ಮಕ್ಕಳು ಹುಂಜದ ಕೂಗು ಬಿಟ್ಟಿದ್ದರು. ಈಗ ಅವಳನ್ನು ನೋಡುವುದನ್ನೇ ಬಿಟ್ಟರು.

ಮೇಷ್ಟ್ರೇ ಹೇಳಿ ಕಳಿಸಿದರು, ತಾಯಿ ಬರಬೇಕೆಂದು. ಅವಳು ಕಸದ ಕೆಲಸ ಬಿಟ್ಟು ಹಾಗೇ ಬಂದಳು. ಮೇಷ್ಟ್ರು ಕ್ಲಾಸಿನ ಬಾಗಿಲ ಹೊರಗೇ ಅವಳನ್ನು ನಿಲ್ಲಿಸಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನೋಡಮ್ಮ, ನನಗೂ ಹಿಂಸೆ. ನಾನೂ ಮಕ್ಕಳ ತಂದೆ. ಮೇಡಂ ಬಿಡೋ ಹಾಗಿಲ್ಲ. ಒಂದೇ ಒಂದು ಪುಟ. ಗಟ್ಟಿಯಾಗಿ ಕೂಡ ಬೇಡ, ಬಾಯಲ್ಲಿ ಗೊಣಗಿದ್ರೂ ಸಾಕು. ನಾನು ಓದಿದಳು ಅಂತ ಹೇಳ್ತೀನಿ. ನೀವು ಒಂದು ಮಾತು ಹೇಳಿ, ಕೂತ್ಕೊ ಅಂತ."

ಅವಳು ಬಾಗಿಲಿನಿಂದ ನೋಡಿದಳು. ಪುಟ್ಟಿ ಬೆಂಚಿನ ಮೇಲಿದ್ದಳು. ಗೋಡೆಗೆ ಕೈ ಊರುವಂತಿಲ್ಲ. ಕಾಲ್ಚೀಲದ ಮೇಲೆ ಮೀನಖಂಡ ಊದಿ ಹೊಳೆಯುತ್ತಿತ್ತು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತಿದ್ದಳು. ತುಟಿ ಒಣಗಿ ಬಿರಿದಿತ್ತು. ತಾಯಿಯನ್ನು ಕಂಡಳು. ಕಂಡವಳ ಕಣ್ಣು ಒಂದೇ ಮಾತು ಕೇಳಿತು. ಹೇಳಮ್ಮ, ಕೂತ್ಕೊ ಅನ್ನು. ನೀನು ಅಂದರೆ ಕೂರುತ್ತೇನೆ.

ತಾಯಿಯ ಬಾಯಿಗೆ ಆ ಮಾತು ಬಂದೇ ಬಂತು. ಒಂದು ಸಲ ದೊಡ್ಡವರು ಹೇಳಿದ್ದನ್ನು ಕೇಳಿ, ಗುಂಡಿಗೆ ಬಗ್ಗಿ ತನ್ನವರಿಗೆ ಹೇಳಿದ್ದಳು.

"ನಿಂತ್ಕೊ" ಎಂದಳು. "ನಿಂತ್ಕೊ ಮಗಾ."

ಪುಟ್ಟಿಯ ಕಣ್ಣು ತುಂಬಿ ಬಂತು. ಮೊಣಕಾಲು ಒಮ್ಮೆ ಕುಸಿಯಿತು. ಮತ್ತೆ ನೆಟ್ಟಗಾಯಿತು.

"ಎಂಥ ತಾಯಿ ನೀವು!" ಎಂದರು ಮೇಷ್ಟ್ರು. "ಹೋಗಿ ಇಲ್ಲಿಂದ."

ಅವಳು ಹೋಗಲಿಲ್ಲ. ಬಾಗಿಲಲ್ಲೇ ಕಾಲೂರಿ ನಿಂತಳು. ಮೇಷ್ಟ್ರು ಸ್ವಲ್ಪ ಹೊತ್ತು ಕಾದರು. ಆಮೇಲೆ ಒಳಗೆ ಹೋಗಿ ಪುಸ್ತಕ ತೆರೆದು ತಾವೇ ಓದತೊಡಗಿದರು. ಪುಸ್ತಕ ಚೆನ್ನಾಗಿತ್ತು. ನಗುವ ಜಾಗ ಬಂದಾಗ ಮಕ್ಕಳು ನಕ್ಕರು. ಇಬ್ಬರು ನಿಂತಿದ್ದರು.